ಎರಡು ಲಕ್ಷದ ಗೇರ್‌ಬಾಕ್ಸ್ ಇಪ್ಪತ್ತು ಸಾವಿರದಲ್ಲಿ ಸರಿಯಾದದ್ದು

ಹಳೇ ಫೋರ್ ಸ್ಪೀಡ್ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್ ಗಾಡಿ, ಅಂದರೆ ಇಂಜಿನ್ನಿನ ಬಲ ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ಹೋಗುವಂಥದ್ದು. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜರ್ಕ್. ಮಂಗಳೂರಿನಲ್ಲಿ ತೋರಿಸಿದ ಕಡೆಯೆಲ್ಲ ಒಂದೇ ಮಾತು, ಇಡೀ ಗೇರ್‌ಬಾಕ್ಸ್ ಅಸೆಂಬ್ಲಿ ಬದಲಿಸಿ. ಎರಡು ಲಕ್ಷದ ಮೇಲೆ ಖರ್ಚು. ಗಾಡಿಗೇ ಅಷ್ಟು ಬೆಲೆ ಇಲ್ಲ ಮಾರಾಯ್ರೆ! ಗೇರ್ ಬದಲಿಸುವ ಆಯಿಲನ್ನು ಹಂಚುವ ವಾಲ್ವ್‌ಗಳ ಭಾಗ, ಅಂದರೆ ವಾಲ್ವ್ ಬಾಡಿ, ಬಿಚ್ಚುತ್ತೇನೆ ಅಂದಾಗ ಪಡೀಲಿನ ಗೆಳೆಯರು ನಕ್ಕರು. ಈಗ ಅವರೇ ನನಗೆ ಕೆಲಸ ಕಳಿಸುತ್ತಾರೆ.

ರಿವರ್ಸ್ ಸರಿಯಾಗಿ ಹಿಡಿಯುತ್ತಿತ್ತು. ಎಲ್ಲೂ ಸ್ಲಿಪ್ ಇಲ್ಲ. ಆಯಿಲ್ ಕಪ್ಪಾಗಿತ್ತು, ಆದರೆ ಸುಟ್ಟ ವಾಸನೆ ಇರಲಿಲ್ಲ. ಅಂದ ಮೇಲೆ ಕ್ಲಚ್ ಪ್ಲೇಟ್ ಹೋಗಿಲ್ಲ, ಆಯಿಲ್ ಪ್ರೆಶರಿನದ್ದೇ ತಕರಾರು. 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರಿಗೆ ಹೈಡ್ರಾಮ್ಯಾಟಿಕ್ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂದಾಗ ಕಂಪ್ಯೂಟರ್ ಎಲ್ಲಿತ್ತು? ಗಾಡಿಯ ಸ್ಪೀಡಿನ ಪ್ರೆಶರ್ ಒಂದು ಕಡೆಯಿಂದ, ಆಕ್ಸಿಲರೇಟರಿನದ್ದು ಇನ್ನೊಂದು ಕಡೆಯಿಂದ ವಾಲ್ವನ್ನು ತಳ್ಳುತ್ತಿತ್ತು. ಗೆದ್ದ ಕಡೆಗೆ ಗೇರ್. ಈಗ ಆರ್ಡರ್ ಕೊಡುವುದು ಗಾಡಿಯ ಕಂಪ್ಯೂಟರ್, ಇಸಿಯು, ಆದರೆ ಕ್ಲಚ್ ಒತ್ತುವುದು ಈಗಲೂ ಆಯಿಲೇ ಅಲ್ವಾ?

ಮೊದಲು ಆಯಿಲ್, ಫಿಲ್ಟರ್ ಬದಲಿಸಿದೆ. ಡ್ರೈನ್ ಮಾಡಿದರೆ ಬರುವುದು ಮೂರು ಮೂರೂವರೆ ಲೀಟರ್, ಉಳಿದದ್ದು ಜಾಸ್ತಿ ಕನ್ವರ್ಟರಿನೊಳಗೆ. ಓಡಿಸಿ, ಇಳಿಸಿ, ಮತ್ತೆ ತುಂಬಿಸಿ ಏಳೆಂಟು ಸಾವಿರ ಆಯಿಲಿಗೇ ಹೋಯಿತು. ಜರ್ಕ್ ಅಲ್ಲೇ ಇತ್ತು.

ಆಮೇಲೆ ವಾಲ್ವ್ ಬಾಡಿ ಇಳಿಸಿದೆ. ಒಂದು ವಾಲ್ವ್ ಅರ್ಧಕ್ಕೇ ನಿಲ್ಲುತ್ತಿತ್ತು, ಬೋರಿನ ತುಂಬ ಬೂದು ಬಣ್ಣದ ಕೆಸರು. ಕ್ಲೀನ್ ಆದ ಮೇಲೆ ಅದು ತನ್ನ ಭಾರಕ್ಕೇ ಜಾರಬೇಕು. ಯಾವುದರಿಂದ ಉಜ್ಜಿದೆ ಅಂತ ಮಾತ್ರ ಕೇಳಬೇಡಿ. ಎಮರಿ ಪೇಪರ್ ಅಲ್ಲ, ಅಷ್ಟು ಹೇಳಬಲ್ಲೆ. ಆಯಿಲ್ ಹಿಂದೆ ಹರಿಯದಂತೆ ತಡೆಯುವ ಸಣ್ಣ ಗುಂಡುಗಳು, ಚೆಕ್ ಬಾಲ್‌ಗಳು, ಎಲ್ಲೆಲ್ಲಿವೆ ಅಂತ ಫೋಟೋ ತೆಗೆದಿಡಿ. ಬಟ್ಟೆ ವೇಸ್ಟ್ ಹತ್ತಿರ ತರಬೇಡಿ, ಒಂದು ನೂಲು ಸಾಕು ಕೆಡಿಸಲಿಕ್ಕೆ.

ಜೋಡಿಸಿದರೆ ತಣ್ಣಗಿರುವಾಗ ಚೆನ್ನಾಗಿ ಓಡಿತು. ಬಿಕರ್ನಕಟ್ಟೆ ದಾಟಿ ಬಿಸಿಯಾಯಿತೋ ಇಲ್ಲವೋ, ಮತ್ತೆ ಗುದ್ದು! ಇಸಿಯು ಕರೆಂಟ್ ಕೊಟ್ಟಾಗ ಆಯಿಲಿನ ದಾರಿ ತೆರೆದು ಮುಚ್ಚುವ ಸೊಲೆನಾಯ್ಡ್‌ಗಳೆಲ್ಲ ಮೀಟರಿನಲ್ಲಿ ಹದಿಮೂರು ಓಮ್ ಆಸುಪಾಸು, ಅಂದರೆ ಸರಿಯಾಗಿಯೇ ಇವೆ. ಸುಮ್ನೆ ಕುತೂಹಲಕ್ಕೆ ಅವನ್ನು ಬಿಸಿ ಆಯಿಲಿನಲ್ಲಿ ಮುಳುಗಿಸಿ ಹನ್ನೆರಡು ವೋಲ್ಟ್ ಕೊಟ್ಟೆ. ಉಳಿದವು ಟಕ್ ಟಕ್ ಅಂದವು, ಒಂದು ಮಾತ್ರ ಸದ್ದೇ ಮಾಡಲಿಲ್ಲ. ಓಮ್ ಮಾತ್ರ ಕರೆಕ್ಟ್. ಒಳಗಿನ ಪ್ಲಂಜರ್ ಬಿಸಿಗೆ ಹಿಡಿದುಕೊಳ್ಳುತ್ತಿತ್ತು. ಹೊಸದಕ್ಕೆ ನಾಲ್ಕು ಸಾವಿರ ಚಿಲ್ಲರೆ.

ಎಲ್ಲ ಸೇರಿ ಇಪ್ಪತ್ತರ ಹತ್ತಿರ ಆಯಿತು. ಆಗುಂಬೆ ಘಾಟಿಯ ತಿರುವುಗಳನ್ನೆಲ್ಲ ಹತ್ತಿಸಿ ನೋಡಿದೆ, ಗೇರ್ ಬದಲಾದದ್ದೇ ಗೊತ್ತಾಗಲಿಲ್ಲ.

ಈಗ ಎಎಂಟಿ ಗಾಡಿ ತಂದು ಇದನ್ನೇ ಮಾಡಿ ಅನ್ನುವವರೂ ಉಂಟು. ಅದು ಮ್ಯಾನುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕಲು ಆಕ್ಚುಯೇಟರ್ ಇದೆ, ಅಷ್ಟೆ. ಗೇರಿನ ಬದಲು ಪುಲ್ಲಿ, ಬೆಲ್ಟ್ ಇರುವ ಸಿವಿಟಿಯಲ್ಲಿ ವಾಲ್ವ್ ಬಾಡಿ ಇದೆ, ನೋಡಬಹುದು. ಆದರೆ ಪುಲ್ಲಿಯ ಮೇಲೆ ಬೆಲ್ಟ್ ಗೀರಿದ್ದರೆ ನಾನು ಕೈ ಹಾಕುವುದಿಲ್ಲ.