ಕಂಬಿಗೆ ಕರೆಂಟೇ ಕೊಡದೆ ಘಾಟಿ ಹತ್ತಿಸಿದ್ದು

"ಲೇಔಟ್ ಮಾಡ್ತಾ ಇದ್ದೀನಿ" ಅಂದರೆ ಹಾಸನದಲ್ಲಿ ಮೊದಲು ಕೇಳುವುದೇ ಚದರಡಿ ಎಷ್ಟು ಅಂತ. ನನ್ನದು ಹದಿನಾಲ್ಕು ಅಡಿಗೆ ಏಳು ಅಡಿ, ಮಾರಾಟಕ್ಕಿಲ್ಲ. ಇದು ಮಾದರಿ ರೈಲು ಓಡಿಸುವ ಲೇಔಟ್. ಎಚ್‌ಒ ಸ್ಕೇಲ್, ಅಂದರೆ ಅಸಲಿಯ 87ನೇ ಒಂದು ಭಾಗ. ಇರುವುದು ಸಕಲೇಶಪುರದಲ್ಲಿ, ಅಣ್ಣನ ಮನೆ ಮಹಡಿ ಮೇಲಿನ ಶೀಟಿನ ರೂಮಿನಲ್ಲಿ. ನನಗೆ ಹಾಸನದಲ್ಲಿ ಇನ್ವರ್ಟರ್, ಯುಪಿಎಸ್ ರಿಪೇರಿ ಕೆಲಸ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೋಗುತ್ತೇನೆ, ಸಂಜೆ ವಾಪಸ್ ಬರುತ್ತೇನೆ.

ಮಾಡಿರುವುದು ನಮ್ಮ ಘಾಟಿಯನ್ನೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ನಿಜವಾದ ದಾರಿಯಲ್ಲಿ 57 ಸುರಂಗ, 109 ಸೇತುವೆ. ನನ್ನಲ್ಲಿ ಐದು ಸುರಂಗ, ಏಳು ಸೇತುವೆ, ಮಧ್ಯದಲ್ಲಿ ಒಂದು ಎಡಕುಮೇರಿ ಸ್ಟೇಷನ್. ಏರು ಮಾತ್ರ ಅಸಲಿದೇ ಇಟ್ಟಿದ್ದೇನೆ, 50ಕ್ಕೆ 1. ಅಂದರೆ ಎಂಟು ಸೆಂಟಿಮೀಟರ್ ಮೇಲೇರಲು ನಾಲ್ಕು ಮೀಟರ್ ಕಂಬಿ ಬೇಕು. ಆ ನಾಲ್ಕು ಮೀಟರೇ ನನ್ನ ಐದು ವರ್ಷ ತಿಂದದ್ದು.

(ಬ್ರಾಡ್ ಗೇಜಿನ 1676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಎರಡು ಕಂಬಿ ನಡುವಿನ ಅಂತರ 19.3 ಮಿಲಿಮೀಟರ್ ಬರಬೇಕು, ನಿಮ್ಮದು 16.5 ಇದೆಯಲ್ಲ ಅನ್ನುವವರಿಗೆ: ಗೊತ್ತು. 1979ರಲ್ಲಿ ಈ ದಾರಿ ಶುರುವಾದಾಗ ಮೀಟರ್ ಗೇಜೇ ಇತ್ತು. ಎರಡರ ನಡುವೆ ಎಲ್ಲೋ ಇದ್ದೀನಿ ಅಂದುಕೊಳ್ಳಿ.)

ಮೊದಲು ಎಲ್ಲರ ಹಾಗೆ ಡಿಸಿಸಿಯನ್ನೇ ಮಾಡಿದೆ, ಅಂದರೆ ಕರೆಂಟೂ ಎಂಜಿನ್ನಿಗೆ ಆಜ್ಞೆಯೂ ಕಂಬಿಯಲ್ಲೇ ಹೋಗುವ ಡಿಜಿಟಲ್ ಪದ್ಧತಿ. ಆರ್ಡುಯಿನೋ ಮೆಗಾ ಅನ್ನುವ ಕಂಟ್ರೋಲರ್ ಬೋರ್ಡು, ಮೇಲೆ ಮೋಟಾರ್ ಶೀಲ್ಡ್, ವೈಫೈ ಬೋರ್ಡು, ಅದರಲ್ಲಿ ಡಿಸಿಸಿ-ಇಎಕ್ಸ್ ಪ್ರೋಗ್ರಾಮ್. ಫೋನಿನಲ್ಲಿ ಎಂಜಿನ್ ಡ್ರೈವರ್ ಆಪ್. ಅಂಗಡಿ ಟೇಬಲ್ ಮೇಲೆ ಒಂದು ಮೀಟರ್ ಕಂಬಿಯಲ್ಲಿ ಚಿನ್ನದಂತೆ ಓಡಿತು. ಮೂರು ಎಂಜಿನ್ನಿಗೆ ಆಜ್ಞೆ ಓದುವ ಮೂರು ಡಿಕೋಡರ್, ಒಂದೊಂದಕ್ಕೆ ಎರಡೂವರೆ ಸಾವಿರದ ಮೇಲೆ. ಎಲ್ಲ ಸೇರಿ ಹನ್ನೊಂದು ಸಾವಿರ ದಾಟಿತ್ತು. ಮನೆಯಲ್ಲಿ ಹೇಳಿದ್ದು ಆರು ಸಾವಿರ.

ಸಕಲೇಶಪುರಕ್ಕೆ ತಂದು ಹಾಕಿದೆ. ಮೇ ತಿಂಗಳಲ್ಲಿ ಚೆನ್ನಾಗಿತ್ತು. ಜೂನ್ ಬಂತು. ಶೀಟಿನ ರೂಮು, ಗೋಡೆಯಲ್ಲೇ ನೀರು ಒಸರುತ್ತದೆ. ವಾರವೆಲ್ಲ ಮುಚ್ಚಿಟ್ಟ ರೂಮಿನಲ್ಲಿ ಕಂಬಿಯ ಮೇಲೆ ಒಂದು ಮಬ್ಬು ಪದರ ಕೂರುತ್ತದೆ. ನಿಕ್ಕಲ್ ಸಿಲ್ವರ್ ಕಂಬಿ ಅಂತ ಜಾಸ್ತಿ ದುಡ್ಡು ಕೊಟ್ಟು ತಂದದ್ದು. ಹೆಸರಲ್ಲಿ ಮಾತ್ರ ಬೆಳ್ಳಿ, ಒಳಗಿರುವುದು ತಾಮ್ರ, ನಿಕ್ಕಲ್, ಸತು. ಎಂಜಿನ್ ಎರಡಡಿ ಹೋಗುವುದು, ನಿಲ್ಲುವುದು.  ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಬಟ್ಟೆಯಲ್ಲಿ ಉಜ್ಜಬೇಕು, ಆಮೇಲೆ ಎರಡು ಗಂಟೆ ಓಡಿಸಬೇಕು, ಮುಂದಿನ ಭಾನುವಾರ ಮತ್ತೆ ಅದೇ. ಸುರಂಗದೊಳಗೆ ಕೈ ಹೋಗುವುದಿಲ್ಲ, ಕೋಲಿಗೆ ಬಟ್ಟೆ ಸುತ್ತಿಕೊಂಡು ಉಜ್ಜುತ್ತಿದ್ದೆ. ಕಾಫಿ ತಂದ ಅತ್ತಿಗೆ ಒಂದು ದಿನ ಕೇಳಿಯೇಬಿಟ್ಟರು, "ಅಲ್ಲಪ್ಪಾ, ನೀನು ರೈಲು ಬಿಡೋಕೆ ಬರ್ತೀಯೋ, ಕಂಬಿ ಉಜ್ಜೋಕೆ ಬರ್ತೀಯೋ?"

ಬಸ್ಸಿನಲ್ಲಿ ವಾಪಸ್ ಬರುವಾಗ ಅದೇ ತಲೆಯಲ್ಲಿತ್ತು. ಕಂಬಿಯಿಂದ ಕರೆಂಟು ತಗೊಂಡರೆ ತಾನೇ ಉಜ್ಜಬೇಕು? ದಿನವಿಡೀ ಬ್ಯಾಟರಿ ಜೊತೆ ಏಗುವವನು ನಾನು. ಬ್ಯಾಟರಿಯನ್ನು ರೈಲಿನ ಒಳಗೇ ಇಟ್ಟರೆ?

ಬೆಂಗಳೂರಿನ ಗೆಳೆಯರಿಗೆ ಹೇಳಿದೆ. ಮೂರು ಜನ, ಮೂವರದ್ದೂ ನನಗಿಂತ ದೊಡ್ಡ ಲೇಔಟ್. ಒಬ್ಬರು ನಕ್ಕರು. ಒಬ್ಬರು, ಎಚ್‌ಒ ಎಂಜಿನ್ನಿನಲ್ಲಿ ಬ್ಯಾಟರಿಗೆ ಜಾಗ ಎಲ್ಲಿದೆ, ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತೆ ಅಂದರು. ಇನ್ನೊಬ್ಬರು, "ಜಾತ್ರೇಲಿ ನೂರೈವತ್ತಕ್ಕೆ ಸಿಗುತ್ತಲ್ಲ ಆ ರೈಲು, ಅದನ್ನೇ ತಗೊಳ್ಳಿ" ಅಂದರು. ಈ ಬರಹ ಮುಖ್ಯವಾಗಿ ಅವರಿಗೆ.

ಶುರುವಿನಲ್ಲಿ ಬ್ಲೂಟೂತ್ ಹಾಕಿದೆ, ಎಚ್‌ಸಿ-05. ನಾನು ಮಾಡಿಕೊಂಡ ರೀತಿಯಲ್ಲಿ ಒಂದು ಫೋನಿಗೆ ಒಂದೇ ಎಂಜಿನ್. ನನಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಬೇಕು, ಬ್ಯಾಂಕರ್ ಇಲ್ಲದ ಘಾಟಿ ಎಂಥ ಘಾಟಿ? ಬಿಟ್ಟೆ.

ಆಮೇಲೆ ಇಎಸ್‌ಪಿ32, ವೈಫೈ ಒಳಗೇ ಇರುವ ಪುಟ್ಟ ಕಂಟ್ರೋಲರ್ ಬೋರ್ಡು. ಎಂಜಿನ್ನೇ ತನ್ನದೊಂದು ವೈಫೈ ಬಿಡುವುದು, ಫೋನಿನ ಬ್ರೌಸರಿನಲ್ಲಿ ಒಂದು ಸ್ಲೈಡರ್. ನೋಡಲು ಬಹಳ ಚೆಂದ. ಆದರೆ ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಅಂತ ಫೋನು ತಾನಾಗಿಯೇ ಬಿಟ್ಟು ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಒಂದು ಭಾನುವಾರ ಕರೆ ಬಂತು, ಮಾತಾಡುತ್ತಾ ನಿಂತೆ. ಎಂಜಿನ್ ಕೊನೆಗೆ ಕೇಳಿಸಿಕೊಂಡ ಸ್ಪೀಡಿನಲ್ಲೇ ಹೋಗುತ್ತಿತ್ತು. ಬಾಗಿಲ ಹತ್ತಿರ ಓಡಾಡಲು ಎತ್ತಿ ತೆಗೆಯುವ ಸೇತುವೆ ಒಂದಿದೆ. ಅದನ್ನು ತೆಗೆದಿಟ್ಟಿದ್ದೆ. ನಾಲ್ಕಡಿ ಮೇಲಿಂದ ರೆಡ್ ಆಕ್ಸೈಡ್ ನೆಲಕ್ಕೆ. ಸೆಕೆಂಡ್‌ಹ್ಯಾಂಡ್ ಚಾಸಿ, ನಾಲ್ಕೂವರೆ ಸಾವಿರ, ಗೇರು ಪುಡಿ.

ಅವತ್ತೇ ಎರಡು ತೀರ್ಮಾನ ಮಾಡಿದೆ. ಒಂದು, ಫೋನು ಬೇಡ, ಕೈಯಲ್ಲಿ ತಿರುಗಿಸುವ ನಾಬ್ ಬೇಕು. ಎರಡು, ಅರ್ಧ ಸೆಕೆಂಡ್ ಮಾತು ಕೇಳಿಸದಿದ್ದರೆ ಎಂಜಿನ್ ತಾನೇ ನಿಲ್ಲಬೇಕು.

ಈ ಬೋರ್ಡುಗಳು ತಮ್ಮತಮ್ಮಲ್ಲೇ ಮಾತಾಡುವ ಇಎಸ್‌ಪಿ-ನೌ ಅಂತ ಒಂದಿದೆ, ರೌಟರ್ ಬೇಡ, ಪಾಸ್‌ವರ್ಡ್ ಬೇಡ, ಬೋರ್ಡಿನಿಂದ ಬೋರ್ಡಿಗೆ ನೇರ. ಒಂದು ಸೋಪಿನ ಡಬ್ಬಿ, ಒಳಗೆ ಇಎಸ್‌ಪಿ32, ನಾಬಿಗೆ ಹತ್ತು ಕೆ ಪಾಟ್ (ಪೊಟೆನ್ಶಿಯೋಮೀಟರ್) ಒಂದು, ಹಿಂದೆ-ಮುಂದೆ ಸ್ವಿಚ್ಚು, ಎಂಜಿನ್ ಆರಿಸಲು ಇನ್ನೊಂದು ಸ್ವಿಚ್ಚು. ಸೆಕೆಂಡಿಗೆ ಇಪ್ಪತ್ತು ಸಲ ಎಲ್ಲರಿಗೂ ಕೂಗಿ ಹೇಳುತ್ತದೆ, ಯಾವ ನಂಬರಿನ ಎಂಜಿನ್ನೋ ಅದು ಕೇಳಿಸಿಕೊಳ್ಳುತ್ತದೆ. ಪಾಟನ್ನು ಮೊದಲು 25ನೇ ಪಿನ್ನಿಗೆ ಕೊಟ್ಟು ಮೂರು ಭಾನುವಾರ ತಲೆ ಕೆಡಿಸಿಕೊಂಡೆ. ರೇಡಿಯೋ ಆನ್ ಆದ ಕೂಡಲೇ ರೀಡಿಂಗ್ ಸತ್ತುಹೋಗುವುದು. ವೈಫೈ ಓಡುವಾಗ ಬೋರ್ಡಿನ ಎರಡನೇ ಎಡಿಸಿ, ಅಂದರೆ 25ನೇ ಪಿನ್ನಿನ ವೋಲ್ಟೇಜು ಓದುವ ಭಾಗ, ಸಿಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. 34ಕ್ಕೆ ಬದಲಾಯಿಸಿದೆ, ಎರಡು ನಿಮಿಷದ ಕೆಲಸ. ಹೀಗೆ ಎರಡು ನಿಮಿಷದ ಕೆಲಸಕ್ಕೆ ತಿಂಗಳು ಕೊಟ್ಟದ್ದು ಇನ್ನೂ ಇವೆ, ಮಾನ ಹೋಗುತ್ತೆ, ಬಿಡಿ.

ಬ್ಯಾಟರಿ ವಿಷಯಕ್ಕೆ ಬರುತ್ತೇನೆ. ಎಂಜಿನ್ನಿನಲ್ಲಿ ಜಾಗ ಇಲ್ಲ, ಅದು ನಿಜ. ಆದರೆ ಎಂಜಿನ್ ಹಿಂದೆ ವ್ಯಾಗನ್ ಇದೆಯಲ್ಲ! ಬಿಸಿಎನ್ ವ್ಯಾಗನ್ನು, ಮುಚ್ಚಿದ ಗೂಡ್ಸ್ ಡಬ್ಬಿ, ಸನ್‌ಬೋರ್ಡಿನಲ್ಲಿ ನಾನೇ ಮಾಡಿದ್ದು. 18650 ಅನ್ನುವ ಲಿಥಿಯಂ ಸೆಲ್ ಎರಡನ್ನು ಒಂದರ ಹಿಂದೆ ಒಂದು ಇಟ್ಟರೆ ಹದಿಮೂರು ಸೆಂಟಿಮೀಟರ್. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಪಕ್ಕದ ಸಂದಿಯಲ್ಲಿ ಬಿಎಂಎಸ್, ಬ್ಯಾಟರಿ ಕಾಯುವ ಬೋರ್ಡು. ಅಲ್ಲಿಂದ ಎಂಜಿನ್ನಿಗೆ ಕೂದಲೆಳೆಯಂಥ ಎರಡು ಸಿಲಿಕೋನ್ ವೈರು. ಆ ವ್ಯಾಗನ್ನನ್ನು ಎಂಜಿನ್ನಿನಿಂದ ಬಿಡಿಸಲು ಆಗುವುದಿಲ್ಲ, ಶಂಟಿಂಗ್ ಮಾಡುವವರಿಗೆ ಇದು ಒಗ್ಗುವುದಿಲ್ಲ. ನನಗೆ ಒಗ್ಗಿತು.

ಮೊದಲು ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ಸೆಲ್ ಹಾಕಿದೆ, ಅಂಗಡಿಯಲ್ಲಿ ರಾಶಿ ಬಿದ್ದಿರುತ್ತವೆ. ಮುಕ್ಕಾಲು ಗಂಟೆ ಬಂತು. ಇಪ್ಪತ್ತು ನಿಮಿಷ ಅಂದವರು ಗೆಲ್ಲುವ ಹಾಗೆ ಕಂಡಿತು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಹೊಸ ಸೆಲ್ ತಂದೆ, 2200 ಎಂಎಎಚ್. ಈಗ ದೊಡ್ಡ ತಪ್ಪಿನ ಕಥೆ. ಮೋಟಾರು ಹನ್ನೆರಡು ವೋಲ್ಟಿನದು ಅಂತ ವೋಲ್ಟೇಜು ಏರಿಸುವ ಬೂಸ್ಟ್ ಬೋರ್ಡು ಹಾಕಿ ಎರಡು ಸೆಲ್ಲಿನ 7.4ನ್ನು ಹನ್ನೆರಡಕ್ಕೆ ಏರಿಸಿದೆ. ಮೋಟಾರಿಗೆ ಕರೆಂಟು ಕೊಡುವ ಡ್ರೈವರ್ ಚಿಪ್ಪು ಡಿಆರ್‌ವಿ8833. ಅದರ ಮಿತಿ 10.8 ವೋಲ್ಟ್, ಓದಿಯೂ ಇದ್ದೆ. ಸ್ವಲ್ಪ ತಾನೇ, ತಡೆಯುತ್ತೆ ಅಂದುಕೊಂಡೆ. ಒಂದು ಸುಟ್ಟಿತು. ಎರಡನೆಯದು ಸುಟ್ಟಿತು. ಮೂರನೆಯದು ವ್ಯಾಗನ್ನಿನ ಸೂರನ್ನೂ ಕರಗಿಸಿತು. ಗಿರಾಕಿಗಳಿಗೆ "ಲೋಡ್ ಜಾಸ್ತಿ ಹಾಕಬೇಡಿ" ಅಂತ ದಿನಾ ಬುದ್ಧಿ ಹೇಳುವವನ ಕಥೆ ಇದು.

ಆಮೇಲೆ ಹೊಳೆದದ್ದು, ಹನ್ನೆರಡು ವೋಲ್ಟ್ ಯಾಕೆ ಬೇಕು? ಘಾಟಿಯಲ್ಲಿ ಗೂಡ್ಸ್ ರೈಲು ತೆವಳುತ್ತದೆ. ಸಕಲೇಶಪುರದ ಪಕ್ಕದ ದೋಣಿಗಲ್ ಹತ್ತಿರ ನಿಂತು ನೋಡಿದವರಿಗೆ ಗೊತ್ತು. ಬೂಸ್ಟ್ ಕಿತ್ತು ಬಿಸಾಕಿ ಬ್ಯಾಟರಿಯನ್ನು ನೇರ ಕೊಟ್ಟೆ, ಡ್ರೈವರಿನ ಎರಡು ಚಾನೆಲ್ ಪ್ಯಾರಲೆಲ್ ಮಾಡಿದೆ. ಫುಲ್ ಕೊಟ್ಟರೂ ಹದವಾದ ಘಾಟಿ ಸ್ಪೀಡೇ. ಸಮತಟ್ಟಿನಲ್ಲಿ ಇನ್ನೂರು ಮಿಲಿಆಂಪ್ ಚಿಲ್ಲರೆ, ಏರಿನಲ್ಲಿ ಎಂಟು ವ್ಯಾಗನ್ ಜೊತೆ ನಾನೂರರ ಹತ್ತಿರ. ಒಂದು ಚಾರ್ಜಿಗೆ ಐದು ಗಂಟೆ ಸುಮಾರು ಬರುತ್ತದೆ. ನಾನೇ ಸುಸ್ತಾಗುತ್ತೇನೆ, ರೈಲು ಆಗುವುದಿಲ್ಲ.

ನಡುನಡುವೆ ರೀಸೆಟ್ ಆಗುತ್ತಿತ್ತು. ರೇಡಿಯೋ ಮಾತಾಡುವಾಗ ಒಮ್ಮೆಲೇ ಕರೆಂಟು ಎಳೆಯುತ್ತದೆ, ಅದೇ ಹೊತ್ತಿಗೆ ಮೋಟಾರೂ ಎಳೆದರೆ ವೋಲ್ಟೇಜು ಕುಸಿದು ಬ್ರೌನ್‌ಔಟ್. 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಸರಿಹೋಯಿತು. ಮೋಟಾರಿನ ಕರೆಂಟನ್ನು ಪಟಪಟನೆ ಆನ್-ಆಫ್ ಮಾಡಿ ಸ್ಪೀಡ್ ಹಿಡಿಯುವ ಪಿಡಬ್ಲ್ಯುಎಂ ಅನ್ನು ಇಪ್ಪತ್ತು ಕಿಲೋಹರ್ಟ್ಸ್ ಇಟ್ಟರೆ ಸದ್ದಿಲ್ಲ, ಆದರೆ ತೆವಳುವಾಗ ಶಕ್ತಿ ಸಾಲದು. ನೂರು ಹರ್ಟ್ಸ್ ಇಟ್ಟರೆ ತೆವಳುತ್ತದೆ, ಜೀರುಂಡೆ ಥರ ಕಿರ್ರೆನ್ನುತ್ತದೆ. ಹೊರಡುವಾಗ ಕೆಳಗಿನದು, ಹೊರಟ ಮೇಲೆ ಮೇಲಿನದು.

ಇಷ್ಟೆಲ್ಲ ಆದ ಮೇಲೆ ರೈಲು ಮೂರನೇ ಸುರಂಗಕ್ಕೆ ಹೋಯಿತು, ಹೊರಗೆ ಬರಲೇ ಇಲ್ಲ. ಪ್ರತಿ ಸಲ ಅಲ್ಲೇ. ಬೆಟ್ಟವನ್ನು ಕೋಳಿ ಜಾಲರಿ ಬಗ್ಗಿಸಿ ಮೇಲೆ ಪಿಒಪಿ ಬಳಿದು ಮಾಡಿದ್ದೆ. ತಂತಿ ಜಾಲರಿ ರೇಡಿಯೋವನ್ನು ತಿನ್ನುತ್ತಿತ್ತು. ಮಾತು ಕೇಳಿಸದಿದ್ದರೆ ನಿಲ್ಲು ಅಂತ ನಾನೇ ಕಲಿಸಿದ್ದೆನಲ್ಲ, ವಿಧೇಯವಾಗಿ ಕತ್ತಲಲ್ಲಿ ನಿಂತಿತ್ತು. ಕೋಲು ಹಾಕಿ ಎಳೆದೆ. ಬೆಟ್ಟ ಒಡೆದು ಜಾಲರಿ ಕಿತ್ತು, ಗೋಣಿ ಚೀಲವನ್ನು ಪಿಒಪಿಯಲ್ಲಿ ಅದ್ದಿ ಹೊದಿಸಿದೆ. ಅರ್ಧ ಸೆಕೆಂಡನ್ನು ಮೂರು ಸೆಕೆಂಡ್ ಮಾಡಿದೆ, ಅದೂ ತಟ್ಟನೆ ನಿಲ್ಲದೆ ನಿಧಾನಕ್ಕೆ ಇಳಿಯುವ ಹಾಗೆ. ಆ ಬೆಟ್ಟಕ್ಕೆ ಮಣ್ಣಿನ ಬಣ್ಣ ಬರಲಿ ಅಂತ ಫಿಲ್ಟರಿನಲ್ಲಿ ಉಳಿದ ಕಾಫಿಪುಡಿ ಒಣಗಿಸಿ ಉದುರಿಸಿದ್ದೆ. ಬಣ್ಣ ಅಚ್ಚು ಮಲೆನಾಡು. ಜುಲೈಗೆ ಅದರ ಮೇಲೆ ಬಿಳೀ ಬೂಷ್ಟು ಬಂತು. ಹಿಮಾಲಯ ಅನ್ನಬಹುದಿತ್ತು.

ಕಂಬಿಯಲ್ಲಿ ಕರೆಂಟಿಲ್ಲದ್ದರಿಂದ ನಾನು ಲೆಕ್ಕ ಹಾಕದ ಲಾಭ ಒಂದು ಬಂತು. ಎರಡು ತುದಿಯಲ್ಲೂ ರೈಲು ಸುತ್ತಿ ಬಂದು ಅದೇ ಕಂಬಿಗೆ ಮರಳುವ ರಿವರ್ಸ್ ಲೂಪ್ ಇದೆ. ಮೊದಲು ಪೋಲಾರಿಟಿ ಶಾರ್ಟ್ ಆಗದಿರಲಿ ಅಂತ ಮಾಡ್ಯೂಲ್, ಕಂಬಿ ಕತ್ತರಿಸಿ ಇನ್ಸುಲೇಟರು, ಅಡಿಯಲ್ಲಿ ವೈರಿನ ಜಡೆ. ಎಲ್ಲ ಕಿತ್ತು ತೂಕಕ್ಕೆ ಹಾಕಿದೆ. ತಾಮ್ರಕ್ಕೆ ಒಳ್ಳೇ ರೇಟು ಸಿಕ್ಕಿತು.

ಬ್ಯಾಂಕರ್ ಮಾತ್ರ ಕೊನೇತನಕ ಕಾಡಿತು. ಎರಡೂ ಎಂಜಿನ್ನಿಗೆ ಒಂದೇ ಆಜ್ಞೆ ಹೋದರೂ ಒಂದು ಮೀಟರಿಗೆ ಒಂದು ಒಂಬತ್ತು ಸೆಕೆಂಡ್ ತಗೊಂಡರೆ ಇನ್ನೊಂದು ಹನ್ನೊಂದು. ಹಿಂದಿನದು ಜೋರಾದರೆ ತಿರುವಿನಲ್ಲಿ ಮಧ್ಯದ ಖಾಲಿ ವ್ಯಾಗನ್ನು ಎದ್ದು ಹೊರಗೆ ಬೀಳುತ್ತದೆ. ನಿಧಾನವಾದರೆ ಅದು ಬ್ಯಾಂಕರ್ ಅಲ್ಲ, ಬ್ರೇಕು. ಒಂದೊಂದಕ್ಕೂ ಸ್ಪೀಡ್ ಟೇಬಲ್ ಬರೆದೆ, ಖಾಲಿ ವ್ಯಾಗನ್ನುಗಳಿಗೆ ನಟ್ಟು ತುಂಬಿ ತೂಕ ಕೊಟ್ಟೆ. ಏರಿನಲ್ಲಿ ಮುಂದಿನದಕ್ಕಿಂತ ಹಿಂದಿನದು ಎಷ್ಟು ಕಡಿಮೆ ತಳ್ಳಬೇಕು, ತಿರುವಿಗೆ ಎಷ್ಟು ಮೊದಲೇ ಬಿಡಬೇಕು ಅನ್ನುವ ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಮಳೆಗಾಲ ತಿಂದ ಲೆಕ್ಕ ಅದು. ಚಕ್ರಕ್ಕೆ ಹಿಡಿತ ಬರಲು ಹಚ್ಚುವುದೂ ಒಂದಿದೆ, ಅಡುಗೆಮನೆಯಲ್ಲೇ ಸಿಗುತ್ತದೆ. ಅದೂ ಇಲ್ಲ.

ಖರ್ಚು ಕೇಳುತ್ತೀರಿ. ಒಂದು ಎಂಜಿನ್ನಿಗೆ ಬೋರ್ಡು, ಡ್ರೈವರು, ಎರಡು ಸೆಲ್, ಬಿಎಂಎಸ್, ವೋಲ್ಟೇಜು ಇಳಿಸುವ ಸಣ್ಣ ಬಕ್ ಎಲ್ಲ ಸೇರಿ ಸಾವಿರದ ಆಸುಪಾಸು. ಸೋಪಿನ ಡಬ್ಬಿಗೆ ಏಳುನೂರು. ಇಲ್ಲಿಗೆ ಬರುವ ದಾರಿಯಲ್ಲಿ ಸುಟ್ಟದ್ದು, ಒಡೆದದ್ದು, ಡಿಕೋಡರ್ ಅರ್ಧ ರೇಟಿಗೆ ಮಾರಿ ಕಳಕೊಂಡದ್ದು ಹದಿನೈದು ಸಾವಿರ ಆಗಿರಬೇಕು. ಬಿಲ್ಲು ಇಟ್ಟಿಲ್ಲ, ಬೇಕೆಂದೇ ಇಟ್ಟಿಲ್ಲ. ಸೆಲ್ಲುಗಳನ್ನು ವ್ಯಾಗನ್ನಿನ ಒಳಗೆ ಚಾರ್ಜ್ ಮಾಡಬೇಡಿ. ಹೊರಗೆ ತೆಗೆದು ಕಡಪ ಕಲ್ಲಿನ ಮೇಲಿಟ್ಟು, ಎದುರಿಗೆ ನೀವು ಕೂತಿರುವಾಗ ಮಾತ್ರ.

ಹೋದ ಆಗಸ್ಟಿನಲ್ಲಿ ಆ ಜಾತ್ರೆ ರೈಲಿನ ಗೆಳೆಯರು ಬಂದಿದ್ದರು. ಎರಡು ದಿನದಿಂದ ಕರೆಂಟಿರಲಿಲ್ಲ, ಊರೆಲ್ಲ ಕತ್ತಲು, ಶೀಟಿನ ಮೇಲೆ ಮಳೆ. ಮೂರು ವಾರದಿಂದ ಕಂಬಿ ಮುಟ್ಟಿರಲಿಲ್ಲ. ಟಾರ್ಚು ಅವರ ಕೈಗೆ ಕೊಟ್ಟು ನಾಬ್ ತಿರುಗಿಸಿದೆ. ಎಂಟು ವ್ಯಾಗನ್ನು, ಮುಂದೊಂದು, ಹಿಂದೊಂದು, ಸುಬ್ರಹ್ಮಣ್ಯದಿಂದ ಹೊರಟು ಒಂದೇ ಉಸಿರಿಗೆ ಸಕಲೇಶಪುರ. ಅವರು ಟಾರ್ಚನ್ನು ಕಂಬಿ ಮೇಲೆ ಬಿಟ್ಟು ಬೆರಳಲ್ಲಿ ಉಜ್ಜಿ ನೋಡಿದರು. ಬೆರಳು ಕಪ್ಪಾಯಿತು. "ಇದರ ಮೇಲೆ ಓಡ್ತಾ?" ಅಂದರು.

ಪ್ರೋಗ್ರಾಮ್ ಕೇಳಿದರು, ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಬ್ಯಾಂಕರಿನ ಟೇಬಲ್ ತೆಗೆದು ಕೊಟ್ಟೆ. ಹೋದ ವಾರ ಫೋನ್ ಮಾಡಿದ್ದರು, ತಿರುವಿನಲ್ಲಿ ಐದನೇ ವ್ಯಾಗನ್ನು ಬೀಳ್ತಾ ಇದೆಯಂತೆ.