ಡಾಸ್ ತಲೆಯವನ ಡಿಟಿಪಿ ಅಂಗಡಿ

1991ರಲ್ಲಿ ನಾನು ಕೆಲಸ ಕಲಿತ ಕಂಪ್ಯೂಟರಿಗೆ ಒಂದು ಹೊತ್ತಿಗೆ ಒಂದೇ ಕೆಲಸ ಗೊತ್ತಿತ್ತು. ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಎಂಎಸ್-ಡಾಸ್, ಅದರ ಮೇಲೆ ಟೈಪ್ ಮಾಡಲು ವರ್ಡ್‌ಸ್ಟಾರ್. ಯಾರದೋ ಥೀಸಿಸ್ ಟೈಪ್ ಮಾಡುವಾಗ ಇನ್ನೊಬ್ಬರು ಬಂದು ಲೆಕ್ಕದ ಹಾಳೆ ಕೇಳಿದರೆ ಕಂಟ್ರೋಲ್-ಕೆ-ಎಕ್ಸ್ ಒತ್ತಿ, ಫೈಲ್ ಉಳಿಸಿ, ಹೊರಗೆ ಬಂದು, ಫ್ಲಾಪಿ ಬದಲಿಸಿ, ಲೋಟಸ್ ತೆರೆಯಬೇಕು. ಕಾಯಿಸುತ್ತಿದ್ದುದು ಯಂತ್ರ, ಹಾಗಾಗಿ ನನ್ನ ಮೇಲೆ ಯಾರೂ ಮುನಿಯುತ್ತಿರಲಿಲ್ಲ. ಬೋರ್ಲ್ಯಾಂಡ್ ಕಂಪನಿಯ ಸೈಡ್‌ಕಿಕ್ ಎಂಬ ಪುಟ್ಟ ಪ್ರೋಗ್ರಾಂ ಒಂದಿತ್ತು. ಮೆಮೊರಿಯ ಮೂಲೆಯಲ್ಲಿ ಅವಿತು ಕೂತಿದ್ದು, ಕೀ ಒತ್ತಿದೊಡನೆ ಕ್ಯಾಲ್ಕುಲೇಟರ್ ಹಿಡಿದು ಎದ್ದು ಬರುತ್ತಿತ್ತು. ಆದರೆ ಅದು ಎದುರಿಗಿರುವಷ್ಟು ಹೊತ್ತು ವರ್ಡ್‌ಸ್ಟಾರ್ ನಿಂತಲ್ಲೇ ನಿಂತಿರುತ್ತಿತ್ತು.

ನನ್ನ ತಲೆಯೂ ಅದೇ ಜಾತಿಯದು. ಓದುವಾಗ ಮಾತಾಡಿಸಿದರೆ ಕೇಳಿಸುವುದಿಲ್ಲ. ಕೇಳಿಸಿತೆಂದರೆ ಓದಿದ್ದು ಹಾರಿಹೋಗಿರುತ್ತದೆ.

ಆಮೇಲೆ ವಿಂಡೋಸ್ 3.1 ಬಂತು, ಪುಟ ಜೋಡಿಸುವ ಪೇಜ್‌ಮೇಕರ್ ಬಂತು, ಕನ್ನಡ ಫಾಂಟು ಬಂತು, ಲಗ್ನಪತ್ರಿಕೆ ಬಂತು. ಒಟ್ಟೊಟ್ಟಿಗೆ ನಾಲ್ಕು ಕಿಟಕಿ ತೆರೆಯಬಹುದೆಂದು ನಾನೂ ತೆರೆದೆ. ಒಂದು ವೈಶಾಖದಲ್ಲಿ ಎರಡು ಪತ್ರಿಕೆ ಅಕ್ಕಪಕ್ಕ ಓಡುತ್ತಿದ್ದವು. ಮುಹೂರ್ತದ ಸಾಲು ಕಾಪಿ ಮಾಡಿದ ಹೊತ್ತಿಗೆ ಫೋನ್ ಬಂತು. ಇಟ್ಟು ತಿರುಗಿದವನು, 9:20ರ ಮಿಥುನ ಲಗ್ನವನ್ನು ಅಭಿಜಿನ್ ಲಗ್ನದವರ ಪತ್ರಿಕೆಗೆ ಅಂಟಿಸಿದೆ. ಪ್ರೂಫ್ ನೋಡಿದವನೂ ನಾನೇ. 500 ಪತ್ರಿಕೆ ಅಚ್ಚಾದ ಮೇಲೆ ಹುಡುಗನ ಸೋದರಮಾವ ಬಂದು, "ಏನ್ ಸ್ವಾಮಿ, ಊಟದ ಹೊತ್ತಿಗೆ ಇಟ್ಟ ಮುಹೂರ್ತಾನ ತಿಂಡಿ ಹೊತ್ತಿಗೆ ತಂದಿದ್ದೀರಲ್ಲ" ಎಂದರು. ಮರು ಅಚ್ಚಿನ ಖರ್ಚು ನನ್ನದೇ.

ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗಿ ಮಾತ್ರ ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು, ಕೌಂಟರು ಮೂರನ್ನೂ ಒಂದು ತಪ್ಪಿಲ್ಲದೆ ನಿಭಾಯಿಸುತ್ತಿದ್ದಳು. ಇವಳು ಹುಟ್ಟಿದ್ದೇ ವಿಂಡೋಸ್ ತಲೆ ಇಟ್ಟುಕೊಂಡು ಎಂದು ಬಹಳ ಕಾಲ ನಂಬಿದ್ದೆ. ಒಂದು ದಿನ ಸುಮ್ಮನೆ ಕೂತು ನೋಡಿದೆ. ಕೌಂಟರಿನತ್ತ ತಿರುಗುವ ಮುಂಚೆ, ಗಿರಾಕಿ ಎಷ್ಟೇ ಅವಸರ ಮಾಡಲಿ, ಟೈಪ್ ಮಾಡುತ್ತಿದ್ದ ಮ್ಯಾಟರಿನ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಹಾಕುತ್ತಿದ್ದಳು. ಅಷ್ಟೇ. ವಾಪಸು ಬಂದವಳು ಗೀಟಿನಿಂದ ಶುರು ಮಾಡುತ್ತಿದ್ದಳು. ಅವಳು ಮಾಡುತ್ತಿದ್ದುದೂ ಒಂದು ಹೊತ್ತಿಗೆ ಒಂದೇ ಕೆಲಸ.

ಇಂಜಿನಿಯರಿಂಗ್ ಓದುತ್ತಿದ್ದ ಮಗಳಿಗೆ ಇದನ್ನು ಹೇಳಿದೆ. "ಅಪ್ಪಾ, ಕಂಪ್ಯೂಟರೂ ಅದನ್ನೇ ಮಾಡೋದು" ಎಂದಳು. ಒಂದೇ ಪ್ರೊಸೆಸರ್ ಇದ್ದಾಗ ಅದೂ ಏಕಕಾಲಕ್ಕೆ ಎರಡು ಮಾಡುವುದಿಲ್ಲವಂತೆ. ಒಂದನ್ನು ನಿಲ್ಲಿಸುವಾಗ ಎಲ್ಲಿದ್ದೆ, ಕೈಯಲ್ಲಿ ಏನಿತ್ತು ಎಂಬುದನ್ನೆಲ್ಲ ಬರೆದಿಟ್ಟು, ಇನ್ನೊಂದರ ಬರಹ ತೆಗೆದು ಮುಂದುವರಿಸುತ್ತದೆ. ಇದಕ್ಕೆ ಕಾಂಟೆಕ್ಸ್ಟ್ ಸ್ವಿಚ್ ಎಂದು ಹೆಸರು. ವಿಂಡೋಸ್ 3.1ರಲ್ಲಿ ಪ್ರತಿ ಪ್ರೋಗ್ರಾಮೂ ತಾನಾಗಿ ಸರದಿ ಬಿಟ್ಟುಕೊಡಬೇಕಿತ್ತು. ಒಂದು ಹಠ ಹಿಡಿದರೆ ಎಲ್ಲವೂ ಹ್ಯಾಂಗ್. ಆ ಮರಳು ಗಡಿಯಾರವನ್ನು ನೋಡುತ್ತಾ ಎಷ್ಟು ಕಾಫಿ ಕುಡಿದಿದ್ದೇನೋ! ವಿಂಡೋಸ್ 95ರಿಂದ ಹೊಸ 32-ಬಿಟ್ ಪ್ರೋಗ್ರಾಮುಗಳ ಕೈಯಿಂದ ಸರದಿ ಕಿತ್ತುಕೊಳ್ಳುವ ಅಧಿಕಾರ ಆಪರೇಟಿಂಗ್ ಸಿಸ್ಟಮ್ಮಿಗೇ ಬಂತು.

ಅದಾದ ಕೆಲ ದಿನಕ್ಕೆ ಅಷ್ಟಾವಧಾನ ನೋಡುವ ಯೋಗ ಬಂತು. ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಒಡ್ಡುವವರು. ಅವಧಾನಿ ಒಬ್ಬರಿಗೆ ಪದ್ಯದ ಒಂದು ಪಾದ ಹೇಳಿ ಮುಂದಿನವರತ್ತ ತಿರುಗುತ್ತಾರೆ. ನಾಲ್ಕು ಸುತ್ತಿಗೆ ನಾಲ್ಕು ಪಾದ. ನಡುನಡುವೆ ಅಪ್ರಸ್ತುತ ಪ್ರಸಂಗದವರು ಕೀಟಲೆಯ ಪ್ರಶ್ನೆ ಎಸೆಯುತ್ತಾರೆ. ಅದಕ್ಕೂ ನಗಿಸುವ ಉತ್ತರ ಕೊಟ್ಟು, ಬಿಟ್ಟ ಪದ್ಯಕ್ಕೆ ಮರಳಿ, ಕೊನೆಗೆ ಧಾರಣ ಎಂಬ ನೆನಪಿನ ಸುತ್ತಿನಲ್ಲಿ ಪದ್ಯಗಳನ್ನು ಇಡಿಯಾಗಿ ಒಪ್ಪಿಸುತ್ತಾರೆ. ಸಭೆಯೆಲ್ಲ ಚಪ್ಪಾಳೆ ತಟ್ಟುವಾಗ ನನಗೆ ಕಂಡಿದ್ದು ಪೆನ್ಸಿಲ್ ಗೀಟು. ಅವರು ಅದನ್ನು ಮನಸ್ಸಿನಲ್ಲೇ ಹಾಕುತ್ತಾರೆ, ನನಗೆ ಕಾಗದ ಬೇಕು.

ಅಲ್ಲಿಂದ ನನ್ನ ಪ್ರಯೋಗ ಶುರುವಾಯಿತು. ಮೊದಲನೆಯದೇ ಕೆಟ್ಟಿತು. ಗಡಿಯಾರ ಇಟ್ಟುಕೊಂಡು ಅರ್ಧರ್ಧ ಗಂಟೆಗೆ ಕೆಲಸ ಬದಲಿಸಿದೆ. ಸಂಜೆಗೆ ಎಲ್ಲವೂ ಅರೆಬರೆ. ಲೆಕ್ಕ ತಪ್ಪಿದ್ದು ಎಲ್ಲೆಂದು ಮಗಳೇ ತೋರಿಸಿದಳು. ಕಂಪ್ಯೂಟರ್ ಕೆಲವು ಮಿಲಿಸೆಕೆಂಡಿಗೊಮ್ಮೆ ಕೆಲಸ ಬದಲಿಸಿದರೂ ಬದಲಾಯಿಸಲು ಅದಕ್ಕೆ ತಗಲುವುದು ಕೆಲವೇ ಮೈಕ್ರೋಸೆಕೆಂಡು. ನನ್ನ ತಲೆ ಪುಸ್ತಕದ ಪುಟ ಜೋಡಿಸುವ ಕೆಲಸದೊಳಗೆ ಇಳಿಯಲು ಹದಿನೈದು ನಿಮಿಷ ಬೇಕು. ಅರ್ಧ ಗಂಟೆಯ ಸರದಿಯಲ್ಲಿ ಅರ್ಧ ಅಲ್ಲೇ ಹೋಯಿತು. ಈಗ ಪುಸ್ತಕಕ್ಕೆ ಎರಡು ಗಂಟೆಗಿಂತ ಕಡಿಮೆ ಕೂರುವುದಿಲ್ಲ, ಅದೂ ಬೆಳಗ್ಗೆ ಆರಕ್ಕೆ, ಷಟರ್ ಎಳೆದು.

ಉಳಿದ ಹೊತ್ತಿನಲ್ಲಿ ಗಿರಾಕಿ ಕರೆದರೆ "ಈ ಸಾಲು ಮುಗೀಲಿ ಅಣ್ಣಾ" ಅನ್ನುತ್ತೇನೆ. ಸಾಲು ಮುಗಿಸಿ ಚೀಟಿಯಲ್ಲಿ ಬರೆಯುತ್ತೇನೆ. ಬರೆಯುವುದು ಮುಗಿಸಿದ್ದನ್ನಲ್ಲ, ಮುಂದೆ ಮಾಡಬೇಕಾದ್ದನ್ನು: "ಮುಹೂರ್ತ ಇನ್ನೂ ಹಾಕಿಲ್ಲ", "ಪುಟ 41 ಅಡಿಟಿಪ್ಪಣಿ". ಒಂದೇ ಬಗೆಯ ಎರಡು ಕೆಲಸ ಒಟ್ಟಿಗೆ ತೆರೆಯುವುದಿಲ್ಲ. ಪತ್ರಿಕೆಯ ಪಕ್ಕ ಬಿಲ್ ಬುಕ್ಕಿರಲಿ, ಇನ್ನೊಂದು ಪತ್ರಿಕೆ ಬೇಡ. ವಾಟ್ಸಾಪ್ ಸದ್ದು ಬಂದ್, ಗಂಟೆಗೊಮ್ಮೆ ಎಲ್ಲವನ್ನೂ ಸೇರಿಸಿ ನೋಡುವುದು. ನೆಟ್‌ವರ್ಕ್ ಕಾರ್ಡುಗಳು ಕೂಡ ಹೀಗೇ, ಪ್ಯಾಕೆಟ್ ಎಂಬ ಮಾಹಿತಿಯ ತುಣುಕುಗಳನ್ನು ಹತ್ತಾರು ಒಟ್ಟುಮಾಡಿ ಪ್ರೊಸೆಸರಿನ ಬಾಗಿಲು ಒಮ್ಮೆ ಬಡಿಯುತ್ತವಂತೆ.

ಇಷ್ಟಾದರೂ ಮದುವೆ ಸೀಸನ್ನಿನಲ್ಲಿ ಚೀಟಿಗಳೇ ರಾಶಿ ಬೀಳುತ್ತವೆ. 4 ಎಂಬಿ ಮೆಮೊರಿಯ ಹಳೆಯ ಕಂಪ್ಯೂಟರಿನಲ್ಲಿ ಬಹಳ ಕಿಟಕಿ ತೆರೆದರೆ ಹಾರ್ಡ್ ಡಿಸ್ಕಿನ ದೀಪ ಬಿಟ್ಟೂಬಿಡದೆ ಮಿನುಗುತ್ತಿತ್ತು, ಪರದೆ ಮಾತ್ರ ಅಲ್ಲಾಡುತ್ತಿರಲಿಲ್ಲ. ಮೆಮೊರಿ ಸಾಲದೆ ಡಿಸ್ಕಿಗೂ ಮೆಮೊರಿಗೂ ಸಾಗಿಸುವುದರಲ್ಲೇ ಹೊತ್ತೆಲ್ಲ ಹೋಗುವ ಇದಕ್ಕೆ ಥ್ರ್ಯಾಶಿಂಗ್ ಎನ್ನುತ್ತಾರೆ. ಪೀಟರ್ ಡೆನ್ನಿಂಗ್ ಎಂಬವರು 1968ರಲ್ಲೇ ಅದರ ಬಗ್ಗೆ ಪ್ರಬಂಧ ಬರೆದಿದ್ದಾರೆ. ದುಡ್ಡಿದ್ದರೆ ಮೆಮೊರಿ ಹಾಕಿಸಬೇಕು, ಇಲ್ಲದಿದ್ದರೆ ಒಂದೆರಡು ಪ್ರೋಗ್ರಾಂ ಮುಚ್ಚಬೇಕು. ನನ್ನ ತಲೆಗೆ ಮೊದಲನೆಯದು ಆಗುವ ಮಾತಲ್ಲ. ಹಾಗಾಗಿ ಹೋದ ವೈಶಾಖದಲ್ಲಿ ಆರು ಪತ್ರಿಕೆಯವರನ್ನು ಕೈಮುಗಿದು ಬೇರೆ ಕಡೆ ಕಳಿಸಿದೆ. ಅವರಲ್ಲಿ ಇಬ್ಬರು ಈಗ ಎದುರಿನ ಅಂಗಡಿಯ ಕಾಯಂ ಗಿರಾಕಿಗಳು.