ಹೆಲ್ಮೆಟ್ ಕೊಳ್ಳುವ ಮೊದಲು ತಲೆಯ ಅಳತೆ ತೆಗೆದುಕೊಳ್ಳಿ

ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಗಳಿಂದ ಕೆಲಸಕ್ಕೆಂದು ಪುಣೆಗೆ ಬಂದವರಲ್ಲಿ ಬಹಳ ಮಂದಿ ಸಂಬಳ ಶುರುವಾದ ಕೆಲವೇ ತಿಂಗಳಲ್ಲಿ ಬೈಕ್ ಕೊಳ್ಳುತ್ತಾರೆ. ಭೋಸರಿಯ ಕಾರ್ಖಾನೆಗೋ ಹಿಂಜವಡಿಯ ಕಚೇರಿಗೋ ಹೊತ್ತಿಗೆ ಸರಿಯಾಗಿ ತಲುಪಲು ಅದಿಲ್ಲದೆ ಆಗುವುದಿಲ್ಲ. ಮಾದರಿ, ಮೈಲೇಜು, ಕಂತು ಎಂದು ವಾರಗಟ್ಟಲೆ ವಿಚಾರಿಸಿ ಬೈಕ್ ಆರಿಸುವ ಅದೇ ಜನ, ಹೆಲ್ಮೆಟ್ಟಿನ ವಿಷಯಕ್ಕೆ ಬಂದಾಗ ಷೋರೂಮಿನಲ್ಲಿ ಕೈಗೆ ಕೊಟ್ಟದ್ದನ್ನು ತಲೆಗೇರಿಸಿಕೊಂಡು ಹೊರಟುಬಿಡುತ್ತಾರೆ. ಅದು ತಮ್ಮ ತಲೆಗೆ ಹೊಂದುತ್ತದೆಯೇ ಎಂದು ನೋಡುವವರು ಕಡಿಮೆ. ಈ ಊರಿನಲ್ಲಿ ಹೆಲ್ಮೆಟ್ ಎಂದರೆ ಮೊದಲು ನೆನಪಾಗುವುದು ಪೊಲೀಸರೇ. 2019ರ ಜನವರಿ 1ರಿಂದ ಪೊಲೀಸರು ನಿಯಮವನ್ನು ಬಿಗಿಗೊಳಿಸಿದಾಗ ‘ಹೆಲ್ಮೆಟ್ ಸಕ್ತಿ’, ಎಂದರೆ ಹೆಲ್ಮೆಟ್ ಕಡ್ಡಾಯ, ಬೇಡವೆಂದು ಪುಣೇಕರರು ಮೆರವಣಿಗೆಯನ್ನೇ ಹೊರಡಿಸಿದ್ದರು. ದಂಡ ತಪ್ಪಿಸಿಕೊಳ್ಳಲೆಂದು ಕೊಂಡ ಹೆಲ್ಮೆಟ್ ದಂಡವನ್ನೇನೋ ತಪ್ಪಿಸೀತು, ಆದರೆ ಬಿದ್ದಾಗ ಅದು ತಲೆಯ ಮೇಲೆ ಉಳಿಯುತ್ತದೆಂಬ ಭರವಸೆಯಿಲ್ಲ.

ನಾನು ಬಿದ್ದದ್ದು ಹೆದ್ದಾರಿಯಲ್ಲಲ್ಲ. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಮೊದಲ ಮಳೆ ಬಿದ್ದ ಸಂಜೆ, ಮನೆಯಿಂದ ಅರ್ಧ ಕಿಲೋಮೀಟರ್ ದೂರದ ಅಂಗಡಿಗೆ ಹಾಲು ತರಲು ಹೋಗಿದ್ದೆ. ತಿರುವಿನಲ್ಲಿ ಯಾವುದೋ ವಾಹನದಿಂದ ಸೋರಿದ್ದ ಎಣ್ಣೆಯ ಮೇಲೆ ಮುಂದಿನ ಚಕ್ರ ಜಾರಿತು. ವೇಗ ಇಪ್ಪತ್ತೈದನ್ನೂ ಮುಟ್ಟಿರಲಿಲ್ಲ. ಹೆಲ್ಮೆಟ್ಟಿನ ಗಲ್ಲದ ಭಾಗದಲ್ಲಿ ಎರಡು ಆಳವಾದ ಗೀರುಗಳು ಬಿದ್ದವು; ಗವಸಿಲ್ಲದ ಬಲ ಅಂಗೈಯ ಚರ್ಮ ಡಾಂಬರಿಗೇ ಹೋಯಿತು. ಮೂರು ವಾರ ಅನ್ನ ಕಲಸಲಾಗದೆ ಎಡಗೈಯಲ್ಲಿ ಚಮಚ ಹಿಡಿದು ಉಂಡೆ. ಗೀರು ಬಿದ್ದ ಜಾಗದಲ್ಲಿ ನನ್ನ ದವಡೆ ಇರಬಹುದಾಗಿತ್ತು ಎಂಬುದು ಮರುದಿನ ಹೆಲ್ಮೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಾಗ ತಿಳಿಯಿತು.

‘ಇಥೇಚ್ ತರ್ ಜಾಯಚಂಯ’, ಇಲ್ಲೇ ಹತ್ತಿರ ಹೋಗುವುದಲ್ಲವೇ, ಎಂಬ ಮಾತು ಇಲ್ಲಿ ಮನೆಮನೆಯಲ್ಲೂ ಕೇಳುತ್ತದೆ. ಲೆಕ್ಕ ಹಾಗಿಲ್ಲ. ಬೈಕಿನ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ನೇರ ಕೆಳಕ್ಕೆ ಬಿದ್ದ ವಸ್ತು ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 20 ಕಿ.ಮೀ. ವೇಗ ಪಡೆದಿರುತ್ತದೆ. ಬೈಕ್ ನಿಂತಲ್ಲೇ ಮಗುಚಿದರೂ ಈ ವೇಗ ಇದ್ದೇ ಇರುತ್ತದೆ. ಇನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ತಲೆ ನೇರವಾಗಿ ಡಿವೈಡರಿಗೆ ಬಡಿದರೆ ಅದು ಆರು ಮೀಟರಿಗಿಂತ ತುಸು ಹೆಚ್ಚು ಎತ್ತರದಿಂದ, ಎಂದರೆ ಎರಡನೆಯ ಮಹಡಿಯ ಬಾಲ್ಕನಿಯಿಂದ, ಬಿದ್ದದ್ದಕ್ಕೆ ಸಮ.

ಹೆಲ್ಮೆಟ್ ಈ ಹೊಡೆತವನ್ನು ಹೇಗೆ ತಾಳುತ್ತದೆ ಎಂಬುದು ಗೊತ್ತಿದ್ದರೆ ಆರಿಸುವುದು ಸುಲಭವಾಗುತ್ತದೆ. ಹೊರಗಿನ ಗಟ್ಟಿ ಚಿಪ್ಪು ಹೊಡೆತವನ್ನು ಹರಡುತ್ತದೆ ಮತ್ತು ಚೂಪಾದ ವಸ್ತು ಒಳಗೆ ನುಗ್ಗದಂತೆ ತಡೆಯುತ್ತದೆ. ಮುಖ್ಯ ಕೆಲಸ ನಡೆಯುವುದು ಅದರ ಒಳಗಿನ ದಪ್ಪ ಥರ್ಮೋಕೋಲ್ ಪದರದಲ್ಲಿ. ಅದು ತಾನು ಜಜ್ಜಿಹೋಗುತ್ತಾ ತಲೆ ನಿಲ್ಲಲು ತೆಗೆದುಕೊಳ್ಳುವ ಸಮಯವನ್ನು ಕೆಲವು ಮಿಲಿಸೆಕೆಂಡುಗಳಷ್ಟು ಹೆಚ್ಚಿಸುತ್ತದೆ. ಮೆದುಳು ತಲೆಬುರುಡೆಯ ಒಳಗೋಡೆಗೆ ಅಪ್ಪಳಿಸುವ ರಭಸ ಅಷ್ಟರಲ್ಲೇ ತಗ್ಗುತ್ತದೆ. ಒಮ್ಮೆ ಜಜ್ಜಿದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ. ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ ಅಗ್ಗದ ಟೋಪಿಗಳಲ್ಲಿ ಈ ಪದರವಿರುವ ಜಾಗದಲ್ಲಿ ಬರೀ ಸ್ಪಂಜು ಇರುತ್ತದೆ. ಬೆರಳಿನಿಂದ ಒತ್ತಿ ನೋಡಿದರೆ ತಿಳಿದುಹೋಗುತ್ತದೆ.

ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟುಗಳ ಮಾರಾಟ 2021ರ ಜೂನ್ 1ರಿಂದ ಕಾನೂನುಬಾಹಿರ. ಹಿಂಬದಿಯಲ್ಲಿರುವ ಗುರುತಿನ ಮೇಲ್ಗಡೆ ಐಎಸ್ 4151 ಎಂಬ ಸಂಖ್ಯೆ, ಕೆಳಗಡೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಗುರುತಿನ ಸ್ಟಿಕರನ್ನು ಯಾರು ಬೇಕಾದರೂ ಅಂಟಿಸಬಹುದಾದ್ದರಿಂದ, ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ ನೋಡುವುದು ಒಳ್ಳೆಯದು. ಅಂಗಡಿಯಲ್ಲಿ ನಿಂತೇ ಇದನ್ನು ಮಾಡಬಹುದು. ಪುಣೆಯ ‘ನಾನಾ ಪೇಠ್’ ಬಡಾವಣೆಯ ಅಂಗಡಿಗಳವರಿಗೆ ಇಂಥ ಗಿರಾಕಿಗಳು ಹೊಸಬರಲ್ಲ.

ಇನ್ನು ಅಳತೆ. ದರ್ಜಿಗಳು ಬಳಸುವ ಟೇಪನ್ನು ಹುಬ್ಬಿನಿಂದ ಒಂದು ಅಂಗುಲ ಮೇಲೆ, ಹಿಂದೆ ತಲೆ ಹೆಚ್ಚು ಉಬ್ಬಿರುವ ಜಾಗವನ್ನು ಬಳಸಿ ಸುತ್ತಿ ಅಳೆಯಿರಿ. ನಮ್ಮಲ್ಲಿನ ಹೆಲ್ಮೆಟ್ಟುಗಳಲ್ಲಿ 580, 600 ಎಂದು ಮಿಲಿಮೀಟರಿನಲ್ಲಿ ಅಳತೆ ಬರೆದಿರುತ್ತದೆ. ಆದರೆ ಅಳತೆ ಕೂಡಿದ ಮಾತ್ರಕ್ಕೆ ಆಕಾರ ಕೂಡಬೇಕೆಂದಿಲ್ಲ, ಏಕೆಂದರೆ ಕೆಲವರ ತಲೆ ಉದ್ದ, ಕೆಲವರದು ದುಂಡಗೆ. ಹಾಕಿಕೊಂಡು ಅಂಗಡಿಯಲ್ಲೇ ಹತ್ತು ಹದಿನೈದು ನಿಮಿಷ ಇರಿ. ಕೆನ್ನೆಗಳು ತುಸು ಒತ್ತಿದಂತಿರಬೇಕು. ಹಣೆಯ ಒಂದೇ ಬಿಂದುವಿನಲ್ಲಿ ನೋವು ಬಂದರೆ ಆ ಹೆಲ್ಮೆಟ್ ನಿಮ್ಮದಲ್ಲ. ಹೆಲ್ಮೆಟ್ಟನ್ನು ಕೈಯಿಂದ ಹಿಡಿದು ಎಡಬಲಕ್ಕೆ ತಿರುಗಿಸಿದಾಗ ಮುಖದ ಚರ್ಮವೂ ಅದರ ಜೊತೆಗೆ ಎಳೆದುಕೊಳ್ಳಬೇಕು. ಕೊನೆಗೆ ಪಟ್ಟಿಯನ್ನು ಬಿಗಿದು, ಹಿಂಭಾಗದ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿ ನೋಡಿ: ಅದು ತಲೆಯಿಂದ ಕಳಚಿ ಬಂದರೆ, ಬಿದ್ದಾಗಲೂ ಹಾಗೆಯೇ ಬರುತ್ತದೆ. ಬಿಗಿದ ಪಟ್ಟಿ ಮತ್ತು ಗಲ್ಲದ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಸಿಗ್ನಲ್ಲಿನಲ್ಲಿ ನಿಂತು ಸುತ್ತ ನೋಡಿದರೆ ಪಟ್ಟಿ ಹಾಕದೆ ಹೆಲ್ಮೆಟ್ಟನ್ನು ಬುಟ್ಟಿಯಂತೆ ಹೊತ್ತವರು ಎಷ್ಟೋ ಮಂದಿ ಕಾಣಸಿಗುತ್ತಾರೆ. ಅವರು ಭಾರ ಹೊರುವ ಕಷ್ಟವನ್ನಷ್ಟೇ ಪಡುತ್ತಿದ್ದಾರೆ.

ಪುಣೆಯ ಹೆಣ್ಣುಮಕ್ಕಳು ಧೂಳು ಬಿಸಿಲುಗಳಿಂದ ತಪ್ಪಿಸಿಕೊಳ್ಳಲು ತಲೆ ಮುಖಗಳಿಗೆ ಓಢಣಿ ಸುತ್ತಿಕೊಳ್ಳುವುದು ಇಲ್ಲಿನ ರೂಢಿ. ದಪ್ಪ ಓಢಣಿಯ ಮೇಲೆ ಹೆಲ್ಮೆಟ್ ಹಾಕುವುದರಿಂದ ಅದು ಜಾರುತ್ತದೆ, ಹಿಂದಿನ ಗಂಟು ಅದನ್ನು ಮೇಲಕ್ಕೆ ತಳ್ಳುತ್ತದೆ. ತೆಳುವಾದ, ಗಂಟಿಲ್ಲದ ತಲೆಗವಸು ಅದೇ ಕೆಲಸ ಮಾಡುತ್ತದೆ. ಗಾಳಿಗೆ ಹಾರುವ ಸೆರಗು, ದುಪ್ಪಟ್ಟಾಗಳು ಚಕ್ರಕ್ಕೆ ಸುತ್ತಿಕೊಳ್ಳದಂತೆ ಅವನ್ನು ಸೊಂಟಕ್ಕೆ ಸಿಕ್ಕಿಸಿಯೇ ಹೊರಡಬೇಕು. ಹಿಂದಿನ ಚಕ್ರದ ಅರ್ಧಭಾಗವಾದರೂ ಮುಚ್ಚುವ ಕಾವಲು ಇರಬೇಕೆಂದು ಮೋಟಾರು ವಾಹನ ನಿಯಮಗಳೇ ಹೇಳುತ್ತವೆ, ಅಂದಕ್ಕೆಂದು ಅದನ್ನು ಬಿಚ್ಚಿಸಬೇಡಿ.

ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟನ್ನೇ ಕೊಳ್ಳಿ ಎಂದು ನಾನು ಹೇಳುವುದಕ್ಕೆ ನನ್ನ ದವಡೆಯೇ ಕಾರಣ. ಗಲ್ಲದ ಭಾಗವನ್ನು ಮೇಲೆತ್ತಬಹುದಾದ ಬಗೆಯನ್ನು ಕೊಂಡರೆ ಓಡಿಸುವಾಗ ಅದು ಮುಚ್ಚಿರಲಿ. ದುಬಾರಿಯದು ಹಗುರವಾಗಿರಬಹುದು, ಒಳಗೆ ಗಾಳಿ ಚೆನ್ನಾಗಿ ಆಡಬಹುದು. ಆದರೆ ತಲೆಗೆ ಸರಿಯಾಗಿ ಕೂತ ಸಾವಿರದೈನೂರು ರೂಪಾಯಿಯದು, ಸಡಿಲವಾದ ಹದಿನೈದು ಸಾವಿರದ್ದಕ್ಕಿಂತ ಮೇಲು.

ಹೆಲ್ಮೆಟ್ ಆದ ಮೇಲೆ ಎರಡನೆಯ ಖರ್ಚು ಜಾಕೆಟ್ ಎಂದು ಹಲವರು ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಗವಸು. ಬೀಳುವಾಗ ಯಾರೂ ಯೋಚಿಸಿ ಕೈ ಚಾಚುವುದಿಲ್ಲ, ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಅಂಗೈಯ ಬುಡ ನೆಲಕ್ಕೆ ಕಚ್ಚಿಕೊಂಡರೆ ಮಣಿಕಟ್ಟಿನ ಸಣ್ಣ ಎಲುಬುಗಳು ಮುರಿಯುತ್ತವೆ. ಆದ್ದರಿಂದ ಅಂಗೈಯ ಬುಡದಲ್ಲಿ ಜಾರುವಂಥ ಗಟ್ಟಿ ತುಣುಕು ಇರುವ, ಮಣಿಕಟ್ಟಿನಲ್ಲಿ ಪಟ್ಟಿಯಿಂದ ಬಿಗಿಯಬಹುದಾದ, ಪೂರ್ತಿ ಬೆರಳಿನ ಗವಸನ್ನು ಆರಿಸಿ. ಬಿಸಿಲಿಗೆಂದು ಹಾಕುವ ತೆಳು ಬಟ್ಟೆಯ ಕೈಹೊದಿಕೆಗಳನ್ನು ಗವಸೆಂದು ಎಣಿಸಬೇಡಿ.

ಜಾಕೆಟ್ಟಿನಲ್ಲಿ ನೋಡಬೇಕಾದದ್ದು ಭುಜ, ಮೊಣಕೈ, ಬೆನ್ನುಗಳಲ್ಲಿರುವ ಪ್ಯಾಡುಗಳನ್ನು. ಅವುಗಳ ಮೇಲೆ ಯುರೋಪಿನ ಇಎನ್ 1621 ಎಂಬ ಮಾನಕದ ಗುರುತು ಮತ್ತು 1 ಅಥವಾ 2 ಎಂಬ ಮಟ್ಟ ಅಚ್ಚಾಗಿರುತ್ತದೆ. ಕೈಕಾಲುಗಳ ಪ್ಯಾಡಿನಲ್ಲಿ ಮೊದಲ ಮಟ್ಟದ್ದು ಪರೀಕ್ಷೆಯ ಹೊಡೆತದಲ್ಲಿ ಸರಾಸರಿ 35 ಕಿಲೋನ್ಯೂಟನ್‌ಗಿಂತ ಹೆಚ್ಚಿನ ಬಲವನ್ನು ಒಳಕ್ಕೆ ಬಿಡಬಾರದು, ಎರಡನೆಯದು 20ಕ್ಕಿಂತ ಹೆಚ್ಚು ಬಿಡಬಾರದು. ಬಹಳ ಜಾಕೆಟ್ಟುಗಳ ಬೆನ್ನಿನಲ್ಲಿ ಬರೀ ಸ್ಪಂಜಿನ ಹಾಳೆ ಇಟ್ಟಿರುತ್ತಾರೆ, ಅದನ್ನು ತೆಗೆದು ಸರಿಯಾದದ್ದನ್ನು ಹಾಕಿಸಿಕೊಳ್ಳಬೇಕು. ಏಪ್ರಿಲ್ ಮೇ ತಿಂಗಳ ಸೆಕೆಗೆ ಜಾಲರಿ ಬಟ್ಟೆಯದು ಅನುಕೂಲ. ತೋಳು ಸಡಿಲವಿದ್ದರೆ ಬಿದ್ದ ಕ್ಷಣದಲ್ಲಿ ಪ್ಯಾಡು ಮೊಣಕೈ ಬಿಟ್ಟು ತಿರುಗಿಕೊಳ್ಳುತ್ತದೆ, ಆದ್ದರಿಂದ ಇಲ್ಲಿಯೂ ಅಳತೆಯೇ ಮುಖ್ಯ. ಮಾಮೂಲಿ ಜೀನ್ಸ್ ಡಾಂಬರಿನ ಉಜ್ಜಿಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದಿನವೂ ರೈಡಿಂಗ್ ಪ್ಯಾಂಟ್ ತೊಡಲಾಗದವರು ಮೊಣಕಾಲಿಗೆ ಕಟ್ಟುವ ಪ್ಯಾಡನ್ನಾದರೂ ಬಳಸಬಹುದು.

ಕಾಲಿಗೆ ಗಿಣ್ಣು ಮುಚ್ಚುವ ಬೂಟು. ಕಾರ್ಖಾನೆಯಲ್ಲಿ ಕೊಡುವ ಸೇಫ್ಟಿ ಬೂಟು ಚಪ್ಪಲಿಗಿಂತ ಎಷ್ಟೋ ವಾಸಿ. ಲೇಸನ್ನು ಮಾತ್ರ ಒಳಗೆ ತುರುಕಿ, ಗೇರಿನ ಪೆಡಲಿಗೆ ಸಿಕ್ಕಿಕೊಳ್ಳಬಾರದು.

ಹಿಂದೆ ಕುಳಿತವರಿಗೆ ಹೆಲ್ಮೆಟ್ ಬೇಡವೆಂಬ ನಂಬಿಕೆ ಇನ್ನೂ ಹೋಗಿಲ್ಲ. ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ನಾಲ್ಕು ವರ್ಷ ದಾಟಿದ ಎಲ್ಲರಿಗೂ ಅದನ್ನು ಕಡ್ಡಾಯ ಮಾಡಿದೆ, ಪೇಟ ಧರಿಸುವ ಸಿಖ್ಖರಿಗೆ ಮಾತ್ರ ವಿನಾಯಿತಿ. ತಪ್ಪಿದರೆ ಸಾವಿರ ರೂಪಾಯಿ ದಂಡ ಮತ್ತು ಮೂರು ತಿಂಗಳ ಮಟ್ಟಿಗೆ ಲೈಸೆನ್ಸ್ ಅನರ್ಹತೆಗೆ ಅವಕಾಶವಿದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಅಲ್ಲದೆ ಸವಾರರೊಡನೆ ಮಗುವನ್ನು ಬಿಗಿಯುವ ಪಟ್ಟಿಯೂ ಬೇಕು, ವೇಗ 40 ಕಿ.ಮೀ. ಮೀರಬಾರದು, ಈ ನಿಯಮ 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ದೊಡ್ಡವರ ಹೆಲ್ಮೆಟ್ಟನ್ನು ಮಗುವಿನ ತಲೆಗೆ ಹಾಕುವುದು ಪರಿಹಾರವಲ್ಲ, ಅದರ ಭಾರಕ್ಕೆ ಎಳೆಯ ಕುತ್ತಿಗೆ ವಾಲುತ್ತದೆ.

ಮಳೆಗಾಲದಲ್ಲಿ ಪೊಂಚೊ ಬಗೆಯ ರೈನ್‌ಕೋಟ್ ಬೇಡ, ಅದು ಗಾಳಿಗೆ ಉಬ್ಬಿ ಬೈಕನ್ನೇ ಎಳೆಯುತ್ತದೆ. ಪ್ಯಾಂಟು ಅಂಗಿ ಬೇರೆಬೇರೆ ಇರುವುದನ್ನು ಜಾಕೆಟ್ಟಿನ ಮೇಲೆ ಹಾಕಿಕೊಳ್ಳಿ, ಹಳದಿಯೋ ಕಿತ್ತಳೆಯೋ ಆದರೆ ಲಾರಿಯವರ ಕಣ್ಣಿಗೆ ಬೀಳುತ್ತೀರಿ. ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ್ದರಿಂದ ಮುಂಬಯಿಗೆ ಹಳೆಯ ಹೆದ್ದಾರಿಯಲ್ಲಿ ಹೋಗುವವರಿಗೆ ಲೋಣಾವಳದ ಮಂಜಿನಲ್ಲಿ ವೈಸರಿನ ಒಳಗೆ ಆವಿ ಕಟ್ಟುವುದೇ ದೊಡ್ಡ ತೊಂದರೆ; ಒಳಗಡೆ ಸಿಕ್ಕಿಸುವ ಪಿನ್‌ಲಾಕ್ ಎಂಬ ಪಾರದರ್ಶಕ ಹಾಳೆ ಇದನ್ನು ತಡೆಯುತ್ತದೆ. ಕಪ್ಪು ವೈಸರನ್ನು ಸಂಜೆಯ ನಂತರ ಬಳಸಲೇಬಾರದು. ಹಬ್ಬಕ್ಕೆಂದು ಊರಿಗೆ ಬೈಕಿನಲ್ಲೇ ಹೊರಟು ರಾತ್ರಿ ಮರಳುವವರು ಕಾತ್ರಜ್ ಸುರಂಗದಿಂದ ನವಲೆ ಸೇತುವೆಯ ಇಳಿಜಾರಿಗೆ ಬರುವ ಹೊತ್ತಿಗೆ ದಣಿದಿರುತ್ತಾರೆ, ಪಕ್ಕದಲ್ಲಿ ಭಾರದ ಲಾರಿಗಳಿರುತ್ತವೆ. ಸೆಕೆಯೆಂದು ಕೊನೆಯ ಟೀ ಅಂಗಡಿಯಲ್ಲಿ ಬಿಚ್ಚಿಟ್ಟ ಗವಸು ಜಾಕೆಟ್ಟುಗಳು ಚೀಲದಲ್ಲೇ ಉಳಿಯುವುದು ಇಲ್ಲೇ. ಗೋವಾಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿ ಬಾಡಿಗೆ ಗಾಡಿ ಓಡಿಸುವವರು ನಿಮ್ಮ ಹೆಲ್ಮೆಟ್ಟನ್ನು ಜೊತೆಗೆ ಒಯ್ಯಿರಿ. ಬಾಡಿಗೆಯದು ಎಷ್ಟು ಸಲ ಬಿದ್ದಿದೆಯೋ ಯಾರು ಬಲ್ಲರು.

ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ಸಿಕ್ಕಿಸಿ ಇಡುವ ಅಭ್ಯಾಸವನ್ನು ಬಿಡಿ, ಕನ್ನಡಿಯ ತುದಿ ಒಳಗಿನ ಥರ್ಮೋಕೋಲನ್ನು ದಿನದಿನವೂ ಕುಳಿ ಮಾಡುತ್ತದೆ. ಚಿಪ್ಪನ್ನು ಪೆಟ್ರೋಲ್, ಥಿನ್ನರ್‌ಗಳಿಂದ ಒರೆಸಬೇಡಿ. ಒಳಬಟ್ಟೆ ಬಿಚ್ಚಲು ಬಂದರೆ ಶಾಂಪೂ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಜುಲೈ ತಿಂಗಳಲ್ಲಿ ಅದಕ್ಕೆ ಎರಡು ದಿನ ಬೇಕು, ಎರಡನೆಯ ಜೊತೆ ಇದ್ದರೆ ಅನುಕೂಲ. ಬೀಳದಿದ್ದರೂ ಐದು ವರ್ಷಕ್ಕೊಮ್ಮೆ, ತಲೆಯ ಮೇಲಿದ್ದಾಗ ಹೊಡೆತ ತಿಂದಿದ್ದರೆ ಅಂದೇ, ಹೆಲ್ಮೆಟ್ ಬದಲಿಸಿ. ಹಳೆಯದನ್ನು ಗುಜರಿಯವರಿಗೆ ಹಾಕುವ ಮೊದಲು ಕತ್ತರಿಯಿಂದ ಅದರ ಪಟ್ಟಿಯನ್ನು ಕತ್ತರಿಸಿ. ಇಲ್ಲವಾದರೆ ಅದು ಇನ್ನೊಬ್ಬರ ತಲೆ ಸೇರುತ್ತದೆ.